ಯಾವ ಬ್ರಾಂಚಲ್ಲಿದೀರ, ಒಂದ್ಸಲ ನೋಡ್ಕೊಳ್ಳಿ

ನಮಸ್ಕಾರ ಕೇಳುಗರೇ. ಗಿಟ್, ಅಂದ್ರೆ ಕೋಡಲ್ಲಿ ಆಗೋ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರ್, ಅದನ್ನ ಬಳಸೋರಿಗೆ ಆಗೋ ಒಂದು ಸಣ್ಣ ಎಡವಟ್ಟಿನ ಬಗ್ಗೆ ಇವತ್ತಿನ ಮಾತು, ಸಣ್ಣದು ಅಂದ್ರೂ ನಂದೊಂದು ಶುಕ್ರವಾರದ ಸಂಜೆ ಪೂರ್ತಿ ತಿಂದ್ಹಾಕಿದ್ದು. ಲಾಗಿನ್ ಪೇಜ್ ಸರಿ ಮಾಡೋಕಂತ ಆಗಷ್ಟೇ ಬೇರೆ ಬ್ರಾಂಚ್, ಅಂದ್ರೆ ಕೆಲಸಕ್ಕೊಂದು ಬೇರೆ ಕವಲು, ಮಾಡಿದ್ದೆ, ಅಷ್ಟರಲ್ಲಿ ಯಾರೋ ಏನೋ ಕೇಳಿದ್ರು ಅಂತ ಮೇನ್ ಬ್ರಾಂಚಿಗೆ ಹೋಗಿ ನೋಡಿ ಹೇಳಿ, ಕಾಫಿ ಕುಡ್ದು ಬಂದು ಕೆಲಸ ಶುರು ಮಾಡ್ದೆ, ಮೂರು ಕಮಿಟ್, ಅಂದ್ರೆ ಮೂರು ಸಲ ಬದಲಾವಣೆಗಳನ್ನ ಗಿಟ್ಟಲ್ಲಿ ದಾಖಲು ಮಾಡಿದ್ದು, ಆದ್ಮೇಲೆ ನೋಡ್ತೀನಿ, ಮೂರೂ ಮೇನಿಗೇ ಬಿದ್ದಿದೆ!

ನಾನು ಬ್ರಾಂಚ್ ಅಂದ್ರೆ ಕೋಡಿನ ಇನ್ನೊಂದು ಕಾಪಿ, ಬೇರೆ ಫೋಲ್ಡರ್ ಇದ್ದಂಗೆ ಅಂದ್ಕೊಂಡಿದ್ದೆ. ಹಾಗಲ್ಲ. ಫೋಲ್ಡರ್ ಅದೇ, ಬ್ರಾಂಚ್ ಬದಲಾಯಿಸಿದ್ರೆ ಒಳಗಿರೋ ಫೈಲ್‌ಗಳನ್ನ ಗಿಟ್ ಅಲ್ಲಲ್ಲೇ ಬದಲಾಯಿಸುತ್ತೆ, ಹೊರಗಿಂದ ಏನೂ ಗೊತ್ತಾಗಲ್ಲ. ಬ್ರಾಂಚ್ ಅನ್ನೋದು ಬರೀ ಒಂದು ಹೆಸರು, ಅದರ ಎದುರು ಕೊನೇ ಕಮಿಟಿನ 40 ಅಕ್ಷರದ ಗುರುತು, ಅಷ್ಟೇ. ನೀವೀಗ ಯಾವ ಹೆಸರಿನ ಮೇಲಿದೀರ ಅನ್ನೋದು ಡಾಟ್ ಗಿಟ್ ಫೋಲ್ಡರೊಳಗೆ ಹೆಡ್ ಅನ್ನೋ ಫೈಲಲ್ಲಿ ಒಂದೇ ಸಾಲಲ್ಲಿ ಇರುತ್ತೆ, ನೋಟ್‌ಪ್ಯಾಡಲ್ಲೇ ತೆಗೆದು ನೋಡ್ಬಹುದು. ಹೊಸ ಕಮಿಟ್ ಮಾಡಿದ್ರೆ ಹೆಡ್ ತೋರಿಸೋ ಆ ಒಂದು ಹೆಸರು ಮಾತ್ರ ಮುಂದೆ ಹೋಗುತ್ತೆ, ಮಿಕ್ಕವು ಇದ್ದಲ್ಲೇ.

ಫೈಲ್ ತೆಗೆಯೋಕೆ ಸೋಮಾರಿತನ ಅಂದ್ರೆ ಗಿಟ್ ಸ್ಟೇಟಸ್ ಹೊಡೀರಿ, ಮೊದಲ ಸಾಲಲ್ಲೇ ಹೇಳುತ್ತೆ. ಗಿಟ್ ಬ್ರಾಂಚ್ ಅಂತ ಹೊಡೆದ್ರೆ ಪಟ್ಟಿ ಬರುತ್ತೆ, ನೀವಿರೋದರ ಪಕ್ಕ ಒಂದು ನಕ್ಷತ್ರ. ಚೆಕ್‌ಔಟ್ ಅನ್ನೋ ಒಂದೇ ಕಮಾಂಡಿಗೆ ಬ್ರಾಂಚ್ ಬದಲಾಯಿಸೋದು, ಫೈಲನ್ನ ಹಳೇದಕ್ಕೆ ತರೋದು ಎರಡೂ ಕೆಲಸ ಹೊರಿಸಿದ್ರು, 2019ರಲ್ಲಿ ಸ್ವಿಚ್ ಅಂತ ಬೇರೆ ಕಮಾಂಡ್ ಬಂತು, ಬದುಕಿದ್ವಿ.

ಇನ್ನೊಂದು, ಯಾವುದೋ ಹಳೇ ಕಮಿಟಿಗೆ ನೇರವಾಗಿ ಹೋದ್ರೆ ಹೆಡ್ ಫೈಲಲ್ಲಿ ಹೆಸರೇ ಇರಲ್ಲ, ಬರೀ ಆ 40 ಅಕ್ಷರ. ಅದಕ್ಕೆ ಡಿಟ್ಯಾಚ್ಡ್ ಹೆಡ್ ಅಂತಾರೆ, ಕೇಳೋಕೆ ರುಂಡ ಮುಂಡ ಬೇರೆ ಆದಂಗಿದೆ, ಗಾಬರಿ ಬೇಡ. ಅಲ್ಲಿ ಕಮಿಟ್ ಮಾಡಿದ್ರೆ ಹೊರಡೋ ಮುಂಚೆ ಒಂದು ಬ್ರಾಂಚ್ ಮಾಡಿ ಹೆಸರಿಡಿ, ಮರೆತು ಹೊರಟ್ರೆ ರೆಫ್‌ಲಾಗಲ್ಲಿ, ಅಂದ್ರೆ ಹೆಡ್ ಎಲ್ಲೆಲ್ಲಿ ಇತ್ತು ಅಂತ ಗಿಟ್ ಬರೆದಿಡೋ ಪಟ್ಟಿಲಿ, ಹುಡುಕಿ.

ಸರಿ, ನನ್ನ ಮೂರು ಕಮಿಟ್ ಏನಾಯ್ತು? ಪುಣ್ಯಕ್ಕೆ ಪುಶ್ ಮಾಡಿರಲಿಲ್ಲ, ಅಂದ್ರೆ ನನ್ನ ಕಂಪ್ಯೂಟರಿಂದ ಸರ್ವರಿಗೆ ಕಳಿಸಿರಲಿಲ್ಲ. ಲಾಗಿನ್ ಬ್ರಾಂಚಲ್ಲಿ ಇನ್ನೂ ಹೊಸದಾಗಿ ಒಂದೂ ಕಮಿಟ್ ಇರದೇ ಇದ್ದಿದ್ದಕ್ಕೆ, ಅಲ್ಲಿಗೆ ಹೋಗಿ ಮೇನನ್ನ ಮರ್ಜ್ ಮಾಡಿ, ಅಂದ್ರೆ ಅದರ ಕಮಿಟ್‌ಗಳನ್ನ ಇಲ್ಲಿಗೆ ಸೇರಿಸಿ, ಆಮೇಲೆ ಮೇನ್ ಅನ್ನೋ ಹೆಸರನ್ನ ಮೂರು ಕಮಿಟ್ ಹಿಂದಕ್ಕೆ ಇಟ್ರೆ ಮುಗೀತು, ಎರಡು ನಿಮಿಷದ ಕೆಲಸ. ನಾನು ಒಂದೊಂದೇ ಫೈಲನ್ನ ಡೆಸ್ಕ್‌ಟಾಪಿಗೆ ಕಾಪಿ ಮಾಡ್ಕೊಂಡು ರಾತ್ರಿ ಒಂಬತ್ತರ ತನಕ ಕೂತಿದ್ದೆ.