ಪಿಸ್ತೂಲು ಇಡುವುದೆಲ್ಲಿ?

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಮೂರು ತಿಂಗಳು ಅಮೆರಿಕದ ಓಹಾಯೋ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದೆ. ಎರಡನೆಯ ತರಗತಿಯ ಮೊಮ್ಮಗಳು ಒಂದು ಸಂಜೆ ಶಾಲೆಯಿಂದ ಬಂದವಳೇ ಊಟದ ಮೇಜಿನ ಕೆಳಗೆ ತೂರಿ, ಮಂಡಿಗೆ ಗಲ್ಲ ಒತ್ತಿ ಕುಳಿತಳು. ಕಣ್ಣಾಮುಚ್ಚಾಲೆ ಎಂದುಕೊಂಡು ನಾನೂ ಹುಡುಕುವಂತೆ ನಟಿಸಿದೆ. ಅವಳು ತುಟಿಯ ಮೇಲೆ ಬೆರಳಿಟ್ಟು, "ತಾತ, ಮಾತನಾಡಬಾರದು, ದೀಪ ಆರಿಸು" ಎಂದಳು. ಅಂದು ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್ ಇತ್ತಂತೆ. ಬಂದೂಕು ಹಿಡಿದವನು ನುಗ್ಗಿದರೆ ಹೇಗೆ ಅಡಗಬೇಕು ಎಂಬ ತಾಲೀಮು.

ಅದೇ ಓಹಾಯೋದಲ್ಲಿ ಶಿಕ್ಷಕರೂ ಬಂದೂಕು ಇಟ್ಟುಕೊಳ್ಳಬಹುದು. ಅದಕ್ಕೆ ಪೊಲೀಸರಿಗೆ ಕೊಡುವಂಥ 700ಕ್ಕೂ ಹೆಚ್ಚು ಗಂಟೆಗಳ ತರಬೇತಿ ಬೇಕೆಂದು ರಾಜ್ಯದ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. ಮರುವರ್ಷ ಹೊಸ ಕಾನೂನು ಬಂತು. ಈಗ ರಾಜ್ಯ ಕಡ್ಡಾಯ ಮಾಡುವ ತರಬೇತಿ 24 ಗಂಟೆ ಮೀರುವಂತಿಲ್ಲ. ಹೆಚ್ಚು ಬೇಕೆನಿಸಿದರೆ ಆಯಾ ಶಾಲಾ ಮಂಡಳಿಯ ಇಷ್ಟ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ವರ್ಗಸಮೀಕರಣವನ್ನು ಮಕ್ಕಳ ತಲೆಗೆ ಹತ್ತಿಸಲು ನನಗೆ ಸುಮಾರು ಅಷ್ಟೇ ಪೀರಿಯಡ್‌ಗಳು ಬೇಕಾಗುತ್ತಿದ್ದವು, ಆಮೇಲೂ ಅರ್ಧ ತರಗತಿ ತಪ್ಪು ಮಾಡುತ್ತಿತ್ತು.

ಶಿಕ್ಷಕರ ಕೈಯಲ್ಲಿ ಬಂದೂಕು ಇರಬೇಕೆಂದು ವಾದಿಸುವವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. 2012ರಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಬಂದೂಕುಧಾರಿಯೊಬ್ಬನ ಗುಂಡಿಗೆ ಸತ್ತದ್ದು ಕೆಲವೇ ನಿಮಿಷಗಳಲ್ಲಿ. ಪೊಲೀಸರು ಬರುವವರೆಗೆ ಆ ಕೋಣೆಯಲ್ಲಿರುವುದು ಶಿಕ್ಷಕಿ ಮಾತ್ರ ತಾನೇ, ಬರಿಗೈಯಲ್ಲಿ ಯಾಕೆ ಸಾಯಬೇಕು ಎಂದು ಅವರು ಕೇಳುತ್ತಾರೆ. ಆದರೆ 2022ರಲ್ಲಿ ಟೆಕ್ಸಸ್‌ನ ಯುವಾಲ್ಡಿಯಲ್ಲಿ ಪೊಲೀಸರು ಬಂದಿದ್ದರು. ಒಟ್ಟು 376 ಮಂದಿ. 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನನ್ನು ಹೊಡೆದುರುಳಿಸಲು ಅವರಿಗೆ 77 ನಿಮಿಷ ಹಿಡಿಯಿತು. ಅದೇ ವೃತ್ತಿಯಾಗಿರುವ ಪೊಲೀಸರ ಕಾಲೇ ಬಾಗಿಲಲ್ಲಿ ತಡೆದು ನಿಂತಿರುವಾಗ, 24 ಗಂಟೆ ಕಲಿತ ಡ್ರಾಯಿಂಗ್ ಟೀಚರ್ ಕೈ ನಡುಗದು ಎಂದು ನಂಬುವುದು ಹೇಗೆ?

ಇದನ್ನು ಮಾಡಿ ನೋಡಿದ ನಾಡು ಇನ್ನೊಂದಿದೆ, ಪಾಕಿಸ್ತಾನ. 2014ರ ಡಿಸೆಂಬರ್ 16ರಂದು ಪೇಶಾವರದ ಆರ್ಮಿ ಪಬ್ಲಿಕ್ ಸ್ಕೂಲಿನಲ್ಲಿ ತಾಲಿಬಾನ್ ದಾಳಿಗೆ 130ಕ್ಕೂ ಹೆಚ್ಚು ವಿದ್ಯಾರ್ಥಿಗಳು ಬಲಿಯಾದರು. ಕೆಲವೇ ವಾರಗಳಲ್ಲಿ ಅಲ್ಲಿನ ಪ್ರಾಂತೀಯ ಸರ್ಕಾರ ಶಿಕ್ಷಕರು ಬಂದೂಕು ತರಬಹುದೆಂದಿತು; ಶಿಕ್ಷಕಿಯರು ಪೊಲೀಸರ ಬಳಿ ಗುರಿಯಿಡಲು ಕಲಿತರು. 2016ರ ಜನವರಿಯಲ್ಲಿ ಚಾರ್ಸದ್ದಾದ ವಿಶ್ವವಿದ್ಯಾಲಯಕ್ಕೆ ಉಗ್ರರು ನುಗ್ಗಿದಾಗ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ಪಿಸ್ತೂಲಿನಿಂದ ಎದುರಿಸಿ, ವಿದ್ಯಾರ್ಥಿಗಳು ತಪ್ಪಿಸಿಕೊಳ್ಳಲು ಎಡೆ ಮಾಡಿಕೊಟ್ಟು, ತಾವು ಪ್ರಾಣ ಬಿಟ್ಟರು. ಅವರಿಗೆ ಕೈಮುಗಿಯುತ್ತೇನೆ. ಅದಕ್ಕೂ ಮೊದಲು, 2015ರಲ್ಲಿ, ಸ್ವಾತ್ ಕಣಿವೆಯ ಒಂದು ಶಾಲೆಯಲ್ಲಿ ಮೇಷ್ಟ್ರೊಬ್ಬರು ಪಿಸ್ತೂಲು ಒರೆಸುತ್ತಿದ್ದಾಗ ಗುಂಡು ಹಾರಿ ಅವರ ವಿದ್ಯಾರ್ಥಿಯೇ ಸತ್ತ.

ನನ್ನನ್ನು ಕಾಡುವುದು ಈ ಎರಡನೆಯದು. ಉಗ್ರ ಬರುವುದು ಎಂದೋ ಒಂದು ದಿನ, ಬಾರದೆಯೂ ಇರಬಹುದು. ಪಿಸ್ತೂಲು ಮಾತ್ರ ದಿನವೂ ಶಾಲೆಗೆ ಬರುತ್ತದೆ. ಅದನ್ನು ಇಡುವುದೆಲ್ಲಿ? ನನ್ನ ಜುಬ್ಬಾದ ಜೇಬಿಗೆ ಮಕ್ಕಳು ಹೇಳದೆ ಕೇಳದೆ ಕೈಹಾಕಿ ಸೀಮೆಸುಣ್ಣ ತೆಗೆಯುತ್ತಿದ್ದರು. ಮೇಜಿನ ಖಾನೆಯ ಬೀಗದ ಕೈ ಯಾವ ಮೊಳೆಗೆ ತೂಗುತ್ತದೆಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಪೆಟ್ಟಿಗೆಯಲ್ಲಿಟ್ಟು ಭದ್ರವಾಗಿ ಬೀಗ ಹಾಕಿದರೆ, ಬೇಕಾದ ಗಳಿಗೆಗೆ ಅದು ಕೈಗೆ ಬಾರದು. ಸೊಂಟದಲ್ಲಿದ್ದರೆ, ಚಿಕ್ಕ ತರಗತಿಯ ಮಕ್ಕಳು ಓಡಿ ಬಂದು ತಬ್ಬಿಕೊಳ್ಳುವುದು ಸರಿಯಾಗಿ ಅಲ್ಲಿಗೇ.

ಓಹಾಯೋದ ಕಾನೂನಿನಂತೆ, ಶಾಲೆಯಲ್ಲಿ ಬಂದೂಕು ಹೊಂದಿರುವ ಸಿಬ್ಬಂದಿ ಇದ್ದಾರೆಂದು ಪೋಷಕರಿಗೆ ತಿಳಿಸಬೇಕು, ಯಾರೆಂದು ಹೇಳಬೇಕಿಲ್ಲ. ಮಗಳಿಗೂ ಅಂಥದೊಂದು ಪತ್ರ ಬಂದಿತ್ತು. ಹೊರಡುವ ಹಿಂದಿನ ದಿನ ಮೊಮ್ಮಗಳನ್ನು ಕರೆತರಲು ಹೋದೆ. ಅವಳ ಟೀಚರ್ ಮೊಣಕಾಲೂರಿ ಕುಳಿತು ಬೂಟಿನ ಲಾಡಿ ಕಟ್ಟುತ್ತಿದ್ದರು. ನನ್ನ ಕಣ್ಣು ತಾನಾಗಿ ಅವರ ಸೊಂಟದತ್ತ ಹೋಯಿತು. ಉದ್ದನೆಯ ಸ್ವೆಟರ್ ತೊಟ್ಟಿದ್ದರು, ಏನೂ ಕಾಣಲಿಲ್ಲ. ಅವರು ತಲೆಯೆತ್ತಿ ನಕ್ಕರು, ನಾನೂ ನಕ್ಕೆ.