ಹೋಮ್ ಥಿಯೇಟರ್ ಕಂಪ್ಯೂಟರ್: ಧ್ವನಿಯನ್ನು ಬಿಡಿಸದೆ ಕಳುಹಿಸಿ

ಕೇಳುಗರಿಗೆ ನಮಸ್ಕಾರ.

ತುಮಕೂರು, ಗುಬ್ಬಿ, ತಿಪಟೂರು, ಶಿರಾ ಕಡೆಯ ಎಷ್ಟೋ ಮನೆಗಳಲ್ಲಿ ಈಗ ದೊಡ್ಡ ಟಿವಿಯ ಪಕ್ಕದಲ್ಲಿ ಸಿನಿಮಾ ನೋಡುವುದಕ್ಕೆಂದೇ ಒಂದು ಕಂಪ್ಯೂಟರ್, ಅದರ ಕೆಳಗೆ ಧ್ವನಿಯನ್ನು ಸ್ಪೀಕರ್‌ಗಳಿಗೆ ಹಂಚುವ ಒಂದು ಎವಿ ರಿಸೀವರ್, ಕೋಣೆಯ ಸುತ್ತ ಐದು ಸ್ಪೀಕರ್‌ಗಳು, ಮೂಲೆಯಲ್ಲಿ ಒಂದು ಸಬ್‌ವೂಫರ್ ಇರುತ್ತವೆ. ಇಷ್ಟೆಲ್ಲ ಇದ್ದೂ ಹಿಂದಿನ ಎರಡು ಸ್ಪೀಕರ್‌ಗಳು ಬಾಯಿ ಬಿಡುವುದಿಲ್ಲ, ಬಿಟ್ಟರೂ ಮುಂದಿನವು ಹೇಳಿದ್ದನ್ನೇ ಹಿಂದಿನಿಂದ ಒಪ್ಪಿಸುತ್ತವೆ. ಅಂಥ ಮನೆಯವರಿಗೆ ಒಂದೇ ಒಂದು ಮಾತು ಹೇಳಲು ನಾನು ಇಂದು ಬಂದಿದ್ದೇನೆ: ಸಿನಿಮಾದಲ್ಲಿ ಒತ್ತಿ ಮಡಿಸಿಟ್ಟಿರುವ ಧ್ವನಿಯನ್ನು ಕಂಪ್ಯೂಟರ್ ಬಿಡಿಸಬಾರದು, ಹೇಗಿದೆಯೋ ಹಾಗೆಯೇ ರಿಸೀವರ್‌ಗೆ ದಾಟಿಸಬೇಕು.

ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ ಧ್ವನಿಗೆ ಸೆಕೆಂಡಿಗೆ ಹೆಚ್ಚೆಂದರೆ 448 ಕಿಲೋಬಿಟ್‌ಗಳಷ್ಟು ಜಾಗವಿತ್ತು. ಅಷ್ಟರಲ್ಲಿ ಆರು ಸ್ಪೀಕರ್‌ಗಳ ಧ್ವನಿಯನ್ನು ತುಂಬಬೇಕಾದ್ದರಿಂದ, ಕಿವಿಗೆ ಗೊತ್ತಾಗಲಾರದೆಂದು ತೋರಿದ ಎಷ್ಟೋ ಅಂಶಗಳನ್ನು ಕತ್ತರಿಸಿ ಬಿಸಾಡುತ್ತಿದ್ದರು. 2006ರಲ್ಲಿ ಬ್ಲೂ-ರೇ ಎಂಬ ಹೊಸ ಬಗೆಯ ಡಿಸ್ಕ್ ಮಾರುಕಟ್ಟೆಗೆ ಬಂದಾಗ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಎಂಬ ಎರಡು ವಿಧಾನಗಳು ಅದರ ಜೊತೆಗೂಡಿದವು. ಮೊದಲನೆಯದಕ್ಕೆ ಸೆಕೆಂಡಿಗೆ 18 ಮೆಗಾಬಿಟ್‌ಗಳವರೆಗೆ, ಎರಡನೆಯದಕ್ಕೆ 24.5 ಮೆಗಾಬಿಟ್‌ಗಳವರೆಗೆ ಅವಕಾಶವಿದೆ. ಇವುಗಳಲ್ಲಿ ಧ್ವನಿಯನ್ನು ಮಡಿಸಿಡುತ್ತಾರೆಯೇ ಹೊರತು ಕತ್ತರಿಸುವುದಿಲ್ಲ. ಬಿಡಿಸಿದಾಗ ಸ್ಟುಡಿಯೊದಿಂದ ಹೊರಟ ಮೂಲಕ್ಕೂ ನಿಮ್ಮ ಕೋಣೆಯಲ್ಲಿ ಕೇಳುವುದಕ್ಕೂ ಒಂದು ಬಿಟ್‌ನಷ್ಟೂ ವ್ಯತ್ಯಾಸವಿರುವುದಿಲ್ಲ.

ಆದರೆ ಬಿಡಿಸುವ ಕೆಲಸ ರಿಸೀವರ್‌ನದು. ಕಂಪ್ಯೂಟರ್ ಇಲ್ಲಿ ಅಂಚೆಯವನಿದ್ದಂತೆ. ಲಕೋಟೆಯನ್ನು ಒಡೆಯದೆ ವಿಳಾಸದಾರರ ಕೈಗೆ ಕೊಟ್ಟರೆ ಅವನ ಕರ್ತವ್ಯ ಮುಗಿಯಿತು. ಹೀಗೆ ಒಡೆಯದೆ ಕೊಡುವುದನ್ನು ಬಿಟ್‌ಸ್ಟ್ರೀಮ್ ಎಂದೂ ಪಾಸ್‌ಥ್ರೂ ಎಂದೂ ಕರೆಯುತ್ತಾರೆ.

ತಿಪಟೂರಿನ ಕೊಬ್ಬರಿ ವರ್ತಕರೊಬ್ಬರ ಮನೆಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅವರು ಏಳು ಸ್ಪೀಕರ್‌ಗಳನ್ನು ಕೂರಿಸಿ, ಸಾಲದೆಂದು ಕಂಪ್ಯೂಟರಿಗೆ ದುಬಾರಿಯಾದ ಸೌಂಡ್ ಕಾರ್ಡನ್ನೂ ಹಾಕಿಸಿದ್ದರು. “ಮೇಷ್ಟ್ರೇ, ದುಡ್ಡು ಕೊಟ್ಟಿದ್ದು ಏಳಕ್ಕೆ, ಮಾತಾಡ್ತಿರೋದು ಎರಡೇ” ಎಂದು ದೂರವಾಣಿಯಲ್ಲಿ ಹೇಳಿಕೊಂಡರು. ಜೋಡಿಸಿಕೊಟ್ಟ ಅಂಗಡಿಯವರು ಎರಡು ಬಾರಿ ಬಂದು, ಎರಡು ಬಾರಿಯೂ ಸ್ಪೀಕರ್ ವೈರುಗಳನ್ನೇ ಬದಲಿಸಿ ಹೋಗಿದ್ದರಂತೆ. ನಾನು ಹೋಗಿ ಮೊದಲು ನೋಡಿದ್ದು ರಿಸೀವರ್‌ನ ಮುಖವನ್ನು. ಅದರ ಸಣ್ಣ ಪರದೆಯ ಮೇಲೆ ಪಿಸಿಎಂ ಎಂಬ ಮೂರು ಅಕ್ಷರಗಳಿದ್ದವು, ಅಂದರೆ ಬರುತ್ತಿದ್ದದ್ದು ಆಗಲೇ ಬಿಡಿಸಿದ ಧ್ವನಿ; ಪಕ್ಕದಲ್ಲಿ ಎಡ ಮತ್ತು ಬಲ ಸ್ಪೀಕರ್‌ಗಳ ಗುರುತು ಮಾತ್ರ ಬೆಳಗುತ್ತಿತ್ತು. ಅಲ್ಲಿಗೆ ರೋಗ ಯಾವುದೆಂದು ತಿಳಿಯಿತು. ಟಿವಿಯನ್ನು ಮುಂದಕ್ಕೆಳೆದು ನೋಡಿದರೆ, ಕಂಪ್ಯೂಟರಿನಿಂದ ಹೊರಟ, ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ಕೇಬಲ್ ನೇರವಾಗಿ ಟಿವಿಗೆ ಹೋಗಿದೆ, ಟಿವಿಯಿಂದ ಬೆಳಕಿನ ಮೂಲಕ ಧ್ವನಿ ಒಯ್ಯುವ ತೆಳುವಾದೊಂದು ಆಪ್ಟಿಕಲ್ ಕೇಬಲ್ ರಿಸೀವರ್‌ಗೆ ಬಂದಿದೆ! ಎಚ್‌ಡಿಎಂಐ ಕೇಬಲ್ಲಿನ ಆ ತುದಿಯಲ್ಲಿರುವ ಉಪಕರಣವು ತನ್ನ ಸಾಮರ್ಥ್ಯ ಇಷ್ಟು ಎಂದು ಕಂಪ್ಯೂಟರಿಗೆ ತಾನೇ ತಿಳಿಸುತ್ತದೆ. ಟಿವಿ ತನಗಿರುವುದು ಎರಡೇ ಸ್ಪೀಕರ್ ಎಂದು ಹೇಳಿತು, ಕಂಪ್ಯೂಟರ್ ಅದನ್ನು ನಂಬಿ ಏಳನ್ನೂ ಕಲಸಿ ಎರಡು ಮಾಡಿ ಕಳುಹಿಸಿತು. ಏಳು ಸ್ಪೀಕರ್‌ಗಳಿರುವ ಸುದ್ದಿಯೇ ಅದಕ್ಕೆ ಮುಟ್ಟಿರಲಿಲ್ಲ.

ಆಪ್ಟಿಕಲ್ ಕೇಬಲ್ಲನ್ನು ತೊಷಿಬಾ ಸಂಸ್ಥೆಯವರು 1983ರಲ್ಲಿ ಸಿಡಿ ಪ್ಲೇಯರ್‌ಗಳಿಗಾಗಿ ತಂದರು. ಅದು ಡಿವಿಡಿ ಕಾಲದ ಧ್ವನಿಯವರೆಗೆ ಹೊರಬಲ್ಲದು, ಟ್ರೂಎಚ್‌ಡಿಯನ್ನು ಏನು ಮಾಡಿದರೂ ಹೊರಲಾರದು. ಅದನ್ನು ಕಿತ್ತು ಪಕ್ಕಕ್ಕಿಟ್ಟೆ. ಕಂಪ್ಯೂಟರಿನ ಎಚ್‌ಡಿಎಂಐ ಕೇಬಲ್ಲನ್ನು ರಿಸೀವರ್‌ಗೆ ಕೊಟ್ಟು, ರಿಸೀವರ್‌ನಿಂದ ಇನ್ನೊಂದನ್ನು ಟಿವಿಗೆ ಎಳೆದೆ. ಕಂಪ್ಯೂಟರಿನಲ್ಲಿ ಪಾಸ್‌ಥ್ರೂ ಆನ್ ಮಾಡಿ, ಮಳೆಯ ದೃಶ್ಯವೊಂದನ್ನು ಹಾಕಿದೆವು. ರಿಸೀವರ್‌ನ ಪರದೆಯ ಮೇಲೆ ಡಿಟಿಎಸ್-ಎಚ್‌ಡಿ ಎಂಬ ಅಕ್ಷರಗಳು ಮೂಡಿದವು. ಒಳಗಿನಿಂದ ಅವರ ತಾಯಿ, “ಮಳೆ ಬಂತಲ್ರೋ, ಅಂಗಳದಾಗಿರೋ ಹುಣಸೆಹಣ್ಣು ತೆಗೀರೋ” ಎಂದು ಕೂಗಿಕೊಂಡೇ ಹೊರಬಂದರು. ಮನೆಯವರೆಲ್ಲ ನಕ್ಕರು. ನನಗಂತೂ ಮಳೆಗಿಂತ ಹೆಚ್ಚು ಸಂತೋಷ ಕೊಟ್ಟದ್ದು ನಡುವಿನ ಸ್ಪೀಕರ್: ಪಾತ್ರಗಳ ಮಾತು ಸಂಗೀತದಲ್ಲಿ ಮುಳುಗದೆ, ಪರದೆಯ ನಟ್ಟನಡುವಿನಿಂದ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸಿತು. ಖರ್ಚಾದದ್ದು ಒಂದು ಎಚ್‌ಡಿಎಂಐ ಕೇಬಲ್ಲಿನ ಬೆಲೆ. ಸೌಂಡ್ ಕಾರ್ಡಿಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ.

ಈ ಕಥೆಯೇ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇಂಥ ಧ್ವನಿಯನ್ನು ಬಿಡಿಸದೆ ಸಾಗಿಸುವ ಸಾಮರ್ಥ್ಯ ಎಚ್‌ಡಿಎಂಐಗೆ 2006ರಲ್ಲಿ, ಅದರ 1.3 ಆವೃತ್ತಿಯೊಂದಿಗೆ ಬಂದಿತು. ಗ್ರಾಫಿಕ್ಸ್ ಕಾರ್ಡುಗಳಲ್ಲಿ ಅದು 2009ರ ರೇಡಿಯಾನ್ ಎಚ್‌ಡಿ 5000 ಸರಣಿಯಿಂದ ಆರಂಭವಾಯಿತು, ಮರುವರ್ಷವೇ ಇಂಟೆಲ್ ಪ್ರೊಸೆಸರ್‌ಗಳೊಳಗಿನ ಗ್ರಾಫಿಕ್ಸ್‌ಗೂ ಬಂದಿತು. ಆದ್ದರಿಂದ ನಿಮ್ಮ ಕಂಪ್ಯೂಟರಿಗೆ ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ಲನ್ನು ಅದಕ್ಕೇ ಚುಚ್ಚಿ, ಮದರ್‌ಬೋರ್ಡಿನ ಕಿಂಡಿಗಲ್ಲ.

ಸಿನಿಮಾ ನೋಡಲು ಕೋಡಿ ಎಂಬ ಉಚಿತ ತಂತ್ರಾಂಶವನ್ನು ಬಳಸುವವರು ಅದರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಆಮೇಲೆ ಆಡಿಯೊ ಎಂಬಲ್ಲಿಗೆ ಹೋಗಬೇಕು. ವಿಂಡೋಸ್ ಆಗಿದ್ದರೆ ಔಟ್‌ಪುಟ್ ಸಾಧನವಾಗಿ ವಾಸಾಪಿ (WASAPI) ಎಂದು ಆರಂಭವಾಗುವ, ರಿಸೀವರ್‌ನ ಹೆಸರಿರುವ ಸಾಲನ್ನು ಆರಿಸಿ, ಪಾಸ್‌ಥ್ರೂಗೆ ಅನುಮತಿ ಕೊಟ್ಟು, ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಎರಡನ್ನೂ ಆನ್ ಮಾಡಿ.

ಕಂಪ್ಯೂಟರಿನಲ್ಲೇ ಬಿಡಿಸಿ ಎಂಟು ಚಾನೆಲ್‌ಗಳ ಪಿಸಿಎಂ ಆಗಿ ಕಳುಹಿಸಬಹುದಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಕಳುಹಿಸಬಹುದು. ಆದರೆ ಎಲ್ಲ ಸದ್ದುಗಳನ್ನು ಬೆರೆಸುವ ವಿಂಡೋಸಿನ ಮಿಕ್ಸರ್ ನಡುವೆ ಕೈಹಾಕಿ ಧ್ವನಿಯ ಅಳತೆಯನ್ನು ತನಗೆ ಬೇಕಾದಂತೆ ಬದಲಿಸಿದರೆ, ನಾಯಕಿ ಅಳುತ್ತಿರುವಾಗ ಈಮೇಲ್ ಬಂದ ಟಿಂಗ್ ಎಂಬ ಸದ್ದನ್ನೂ ಅದರಲ್ಲಿ ಬೆರೆಸಿದರೆ, ಅಂಥವರು ದಯವಿಟ್ಟು ನನ್ನನ್ನು ಕರೆಯಬಾರದು. ಬಿಡಿಸದೆ ಕಳುಹಿಸಿ ಎಂದು ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕಾಗಿಯೇ.

ಪಾಸ್‌ಥ್ರೂ ಆರಂಭವಾದ ಮೇಲೆ ಕಂಪ್ಯೂಟರಿನ ವಾಲ್ಯೂಮ್ ಗುಂಡಿ ಕೆಲಸ ಮಾಡುವುದಿಲ್ಲ. ಏನೋ ಕೆಟ್ಟುಹೋಯಿತೆಂದು ಗಾಬರಿಯಾಗಿ ಸೆಟ್ಟಿಂಗ್ಸನ್ನು ಮೊದಲಿನಂತೆ ಮಾಡಿಬಿಡಬೇಡಿ. ಧ್ವನಿ ಬಿಡಿಸದೆಯೇ ಹೋಗುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಏರಿಸುವುದಿದ್ದರೂ ಇಳಿಸುವುದಿದ್ದರೂ ರಿಸೀವರ್‌ನ ರಿಮೋಟನ್ನು ಬಳಸಿ. ನಮಸ್ಕಾರ.