ದೀರ್ಘಾಯುಷ್ಯಕ್ಕೆ ಎಂಥ ಜೊತೆಗಾರರು

ಕೇಳುಗರೆಲ್ಲರಿಗೂ ನಮಸ್ಕಾರ.

ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಮಾತನ್ನು ನಮ್ಮ ಅಜ್ಜಿ ತಟ್ಟೆಗೆ ಬಡಿಸುತ್ತಲೇ ಹೇಳುತ್ತಿದ್ದರು. ಅದನ್ನು ಬಾಯಿಪಾಠ ಮಾಡುವುದಕ್ಕೆ ಯಾರ ನೆರವೂ ಬೇಕಾಗಲಿಲ್ಲ. ಆದರೆ ಆ ಮಾತನ್ನು ಹತ್ತು ವರ್ಷ ಪಾಲಿಸಿ, ಮೈಮೇಲೆ ಆದ ಪರಿಣಾಮವನ್ನು ಬರೆದಿಟ್ಟು, ಅದು ಎಷ್ಟರಮಟ್ಟಿಗೆ ನಿಜ ಎಂದು ನೋಡುವುದು ಒಬ್ಬರಿಂದ ಆಗುವ ಕೆಲಸವಲ್ಲ; ಅದಕ್ಕೆ ಜೊತೆ ಬೇಕು. ಆರೋಗ್ಯವನ್ನು ಕಾಪಾಡಿಕೊಂಡು ಹೆಚ್ಚು ಕಾಲ ಬಾಳಬೇಕೆಂಬ ಆಸೆಯುಳ್ಳವರು ಎಂಥ ಜೊತೆಯನ್ನು ಹುಡುಕಿಕೊಳ್ಳಬೇಕು ಎಂಬುದು ಇವತ್ತಿನ ನನ್ನ ವಿಷಯ. ಅಮೆರಿಕದ ಒಂದು ಸಣ್ಣ ಸಂಘದ ವೃತ್ತಾಂತದಿಂದ ಆರಂಭಿಸುತ್ತೇನೆ.

1935ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಅವರ ಸಹೋದ್ಯೋಗಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಜೀವಸತ್ವ, ಲವಣಗಳು ಕಡಿಮೆಯಾಗದಂತೆ ನೋಡಿಕೊಂಡು ಕ್ಯಾಲೊರಿಯನ್ನು ಮಾತ್ರ ಕಡಿತ ಮಾಡಿದಾಗ, ಆ ಇಲಿಗಳು ಹೊಟ್ಟೆ ತುಂಬ ತಿಂದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದ್ದವು. ಇದೇ ಜಾಡಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು ಲಾಸ್ ಏಂಜಲೀಸಿನ ವೈದ್ಯ ವಿಜ್ಞಾನಿ ರಾಯ್ ವಾಲ್‌ಫರ್ಡ್. 1991ರ ಸೆಪ್ಟೆಂಬರಿನಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಕಟ್ಟಿದ್ದ ಬಯೋಸ್ಫಿಯರ್ 2 ಎಂಬ ಗಾಜಿನ ಭವನದೊಳಗೆ ಎಂಟು ಮಂದಿ, ಒಳಗೆ ಬೆಳೆದುಕೊಂಡದ್ದರಲ್ಲೇ ಬದುಕಿ ನೋಡಲು, ಎರಡು ವರ್ಷಕ್ಕೆಂದು ಬಾಗಿಲು ಹಾಕಿಕೊಂಡರು. ವಾಲ್‌ಫರ್ಡ್ ಅವರಲ್ಲೊಬ್ಬರು, ತಂಡದ ವೈದ್ಯರೂ ಹೌದು. ಒಳಗೆ ಬೆಳೆದುಕೊಂಡ ಬೆಳೆ ಸಾಲದೆ ಹೋಯಿತು. ಎಲ್ಲರೂ ಅರೆಹೊಟ್ಟೆಯಲ್ಲಿರಬೇಕಾಗಿ ಬಂದಾಗ ವಾಲ್‌ಫರ್ಡ್ ಆ ಸಂಕಟವನ್ನೇ ಅಧ್ಯಯನವಾಗಿಸಿಕೊಂಡು, ತೂಕ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವೂ ಇಳಿದದ್ದನ್ನು ದಾಖಲಿಸಿದರು. ಹೊರಗೆ ಬಂದ ಮರುವರ್ಷ, 1994ರಲ್ಲಿ, ಮಗಳು ಲೀಸಾ ಮತ್ತು ಬ್ರಯಾನ್ ಡೆಲೇನಿ ಅವರೊಂದಿಗೆ ಸೇರಿ ಕ್ಯಾಲೊರಿ ಮಿತಿಯನ್ನು ಸ್ವಂತ ಬದುಕಿನಲ್ಲಿ ಪಾಲಿಸುವವರ ಸಂಘವೊಂದನ್ನು ಹುಟ್ಟುಹಾಕಿದರು.

ಈ ಸಂಘದವರು ಕಡಿಮೆ ಉಂಡರು ಎಂಬುದರಲ್ಲಿ ನನಗೆ ವಿಶೇಷ ಕಾಣುವುದಿಲ್ಲ. ಏಕಾದಶಿ, ಸೋಮವಾರ, ಶನಿವಾರಗಳ ಲೆಕ್ಕದಲ್ಲಿ ನಮ್ಮವರು ಉಪವಾಸ ಮಾಡುತ್ತಲೇ ಬಂದಿದ್ದಾರೆ. ವಿಶೇಷವಿರುವುದು ಅವರು ಮುಂದೆ ಮಾಡಿದ ಕೆಲಸದಲ್ಲಿ. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯರಾದ ಲೂಯಿಜಿ ಫೊಂಟಾನಾ ಮತ್ತು ಅವರ ತಂಡ ಅಧ್ಯಯನಕ್ಕೆ ಇಳಿದಾಗ, ಈ ಸಂಘದ ಸದಸ್ಯರು ತಾವಾಗಿಯೇ ಹೋಗಿ ತೋಳು ಚಾಚಿ ರಕ್ತ ಕೊಟ್ಟರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದವರು ಸರಾಸರಿ ಆರು ವರ್ಷ ಮಿತಾಹಾರದಲ್ಲಿದ್ದ ಕೇವಲ 18 ಮಂದಿ. ಅವರ ರಕ್ತದೊತ್ತಡ 100ಕ್ಕೆ 60ರ ಆಸುಪಾಸಿನಲ್ಲಿತ್ತು. ಕುತ್ತಿಗೆಯ ರಕ್ತನಾಳದ ಗೋಡೆಯ ದಪ್ಪ, ಸಾಮಾನ್ಯ ಆಹಾರ ಸೇವಿಸುತ್ತಿದ್ದ ಅದೇ ವಯಸ್ಸಿನವರಿಗಿಂತ ಶೇಕಡಾ 40ರಷ್ಟು ಕಡಿಮೆಯಿತ್ತು. ಇದು ಹೆಮ್ಮೆಪಡುವಂಥ ಸಂಗತಿಯೇ. ಆದರೆ ಮುಂದೆ ಇಂಥವರ ಮೂಳೆಗಳನ್ನು ಪರೀಕ್ಷಿಸಿದಾಗ ಮೂಳೆಯ ಸಾಂದ್ರತೆ ಕಡಿಮೆಯಿರುವುದೂ ಕಂಡುಬಂದಿತು, ಮತ್ತು ಅದನ್ನು ಯಾರೂ ಬಚ್ಚಿಡಲಿಲ್ಲ. ತನ್ನ ನಂಬಿಕೆಗೆ ಅನುಕೂಲವಾದ ಅಂಕಿಯನ್ನೂ ಪ್ರತಿಕೂಲವಾದ ಅಂಕಿಯನ್ನೂ ಒಂದೇ ಪುಸ್ತಕದಲ್ಲಿ ಬರೆಯಲು ಒಪ್ಪುವ ಗುಂಪು ಸಿಕ್ಕರೆ, ಅದನ್ನು ಬಿಡಬಾರದೆಂದು ನಾನು ಹೇಳುವುದು ಈ ಕಾರಣಕ್ಕೆ.

ಸಂಘ ಕಟ್ಟಿದ ವಾಲ್‌ಫರ್ಡ್ ಅವರಿಗೆ 120 ವರ್ಷ ಬಾಳುವ ಹಂಬಲವಿತ್ತು. ನರಗಳನ್ನು ಕ್ಷೀಣಗೊಳಿಸುವ ಎ.ಎಲ್.ಎಸ್. ಎಂಬ ಕಾಯಿಲೆಯಿಂದ ಅವರು 2004ರಲ್ಲಿ, 79ನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಬ್ಬರ ಸಾವಿನಿಂದ ಮಿತಾಹಾರದ ವಾದ ಬಿದ್ದುಹೋಗುವುದಿಲ್ಲ. ಅದೇ ನ್ಯಾಯದಿಂದ, ನಮ್ಮೂರಿನ ನೂರು ತುಂಬಿದ ಅಜ್ಜ ದಿನಾ ಎಲೆಯಡಿಕೆ ಹಾಕುತ್ತಿದ್ದರೆಂಬುದರಿಂದ ಎಲೆಯಡಿಕೆಯ ವಾದ ಗೆಲ್ಲುವುದೂ ಇಲ್ಲ.

ಇಲಿಗೆ ಒಪ್ಪಿದ್ದು ನಮಗೆ ಒಪ್ಪೀತೇ ಎಂದು ತಿಳಿಯಲು 1980ರ ದಶಕದ ಕೊನೆಯಲ್ಲಿ ಅಮೆರಿಕದ ಎರಡು ಕಡೆ ರೀಸಸ್ ಕೋತಿಗಳ ಮೇಲೆ ದೀರ್ಘ ಪ್ರಯೋಗಗಳು ಆರಂಭವಾದವು. ವಿಸ್ಕಾನ್ಸಿನ್‌ನ ತಂಡ 2009ರಲ್ಲಿ, ಕಡಿಮೆ ತಿಂದ ಕೋತಿಗಳಿಗೆ ಲಾಭವಾಗಿದೆ ಎಂದಿತು. ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯ ತಂಡ 2012ರಲ್ಲಿ, ಆಯುಷ್ಯ ಹೆಚ್ಚಾದದ್ದು ತಮಗೆ ಕಾಣಲಿಲ್ಲ ಎಂದಿತು. ಎರಡು ತಂಡಗಳವರೂ ಜಗಳಕ್ಕೆ ನಿಲ್ಲದೆ ತಮ್ಮ ಲೆಕ್ಕಗಳನ್ನು ಒಟ್ಟಿಗೆ ಹರವಿಕೊಂಡು ಕೂತು, 2017ರಲ್ಲಿ ಜಂಟಿಯಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಗೆ ಇಟ್ಟುಕೊಂಡ ಕೋತಿಗಳು ಸಕ್ಕರೆ ಹೆಚ್ಚಿದ್ದ ಆಹಾರವನ್ನು ಬೇಕಾದಷ್ಟು ತಿನ್ನುತ್ತಿದ್ದವು. ಇನ್ನೊಂದು ಕಡೆ ಹೋಲಿಕೆಯ ಕೋತಿಗಳಿಗೂ ಬೊಜ್ಜು ಬಾರದಂತೆ ಅಳೆದು ಹಾಕುತ್ತಿದ್ದರು. ಅತಿಯಾಗಿ ತಿನ್ನುವವನು ಕಡಿಮೆ ಮಾಡಿದರೆ ಲಾಭ ದೊಡ್ಡದು, ಆಗಲೇ ಹಿತಮಿತವಾಗಿ ಉಣ್ಣುವವನು ಮತ್ತಷ್ಟು ಕಡಿತ ಮಾಡಿದರೆ ಲಾಭ ಅಷ್ಟಿರಲಾರದು ಎಂದು ನಾನು ಇದರಿಂದ ಅರ್ಥಮಾಡಿಕೊಂಡಿದ್ದೇನೆ. ಬೊಜ್ಜಿಲ್ಲದ 200ಕ್ಕೂ ಹೆಚ್ಚು ಜನರ ಮೇಲೆ ಎರಡು ವರ್ಷ ನಡೆದ ಕ್ಯಾಲರಿ ಎಂಬ ಹೆಸರಿನ ಪ್ರಯೋಗದಲ್ಲಿ ಶೇಕಡಾ 25ರಷ್ಟು ಕಡಿತದ ಗುರಿಯಿತ್ತು. ಜನರಿಗೆ ಸಾಧ್ಯವಾದದ್ದು ಸುಮಾರು 12. ಹೃದಯಕ್ಕೆ ಒಳ್ಳೆಯದಾಯಿತು, ಮೂಳೆ ಸ್ವಲ್ಪ ಸವೆಯಿತು. ಅರವತ್ತು ದಾಟಿದ, ಮೊದಲೇ ಸಣಕಲಾದ ನಮ್ಮ ಹೆಣ್ಣುಮಕ್ಕಳು ಯಾರದೋ ಮಾತು ಕೇಳಿ ರಾತ್ರಿ ಊಟ ಬಿಡುವ ಮೊದಲು ಈ ಮೂಳೆಯ ವಿಚಾರವನ್ನು ವೈದ್ಯರ ಹತ್ತಿರ ಒಮ್ಮೆ ಪ್ರಸ್ತಾಪಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಈಗ ನಮ್ಮ ಮೈಸೂರಿಗೆ ಬರುತ್ತೇನೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ನಡೆಯುವ ಹನ್ನೊಂದು ಜನರ ಗುಂಪು ನಮ್ಮದು. ನಮ್ಮಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ, ಅಂಗಡಿಯಲ್ಲಿ ಸಾಲ ಬರೆಯುವಂಥದು. ಎಡಗಡೆ ಹೆಸರು, ಆಮೇಲೆ ತೂಕ, ಸೊಂಟದ ಸುತ್ತಳತೆ, ಬಿ.ಪಿ., ಮೂರು ತಿಂಗಳಿಗೊಮ್ಮೆ ಸಕ್ಕರೆಯ ಅಂಶ, ಕಡೆಯ ಅಂಕಣದಲ್ಲಿ ‘ಏನು ಹೊಸತು ಮಾಡಿದೆ, ಏನಾಯಿತು’ ಎಂಬ ಟಿಪ್ಪಣಿ. ಆ ಕಡೆಯ ಅಂಕಣವನ್ನು ಸೇರಿಸಿದವರು ನಿವೃತ್ತ ವಿಜ್ಞಾನ ಮೇಷ್ಟ್ರು. ಯಾರಾದರೂ ಹೊಸ ಪುಡಿಯನ್ನೋ ಮಾತ್ರೆಯನ್ನೋ ಹೊಗಳಿದರೆ ಅವರು ನಡೆಯುವುದನ್ನು ನಿಲ್ಲಿಸಿ, ‘ಎಷ್ಟು ಜನರ ಮೇಲೆ ನೋಡಿದ್ದಾರೆ ಸ್ವಾಮಿ, ಎಷ್ಟು ವರ್ಷ ನೋಡಿದ್ದಾರೆ?’ ಎಂದು ಕೇಳುತ್ತಾರೆ. ಅವರ ಬಾಯಲ್ಲಿ ಸದಾ ಬರುವ ಉದಾಹರಣೆ ಫಿನ್‌ಲೆಂಡಿನದು. ಗಜ್ಜರಿಯಲ್ಲಿರುವ ಬೀಟಾ ಕೆರೋಟಿನ್ ಕ್ಯಾನ್ಸರನ್ನು ತಡೆಯುತ್ತದೆಂದು ಬಲವಾಗಿ ನಂಬಿ, ಅದರ ಮಾತ್ರೆಯನ್ನು ಸಿಗರೇಟಿನ ಅಭ್ಯಾಸವಿದ್ದ 29 ಸಾವಿರ ಗಂಡಸರ ಮೇಲೆ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಹೊರಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ‘ಪರೀಕ್ಷೆ ಮಾಡದೆ ಇದ್ದಿದ್ದರೆ ಇವತ್ತಿಗೂ ನುಂಗಿಸುತ್ತಿದ್ದರು’ ಎನ್ನುತ್ತಾರೆ ಮೇಷ್ಟ್ರು.

ನಮ್ಮ ಗೆಳೆಯರೊಬ್ಬರು ಮೂರು ವರ್ಷದ ಹಿಂದೆ ಈ ಪ್ರಶ್ನೆಗಳ ಕಾಟ ತಾಳಲಾರದೆ ಇನ್ನೊಂದು ಗುಂಪಿಗೆ ಸೇರಿದರು. ಅಲ್ಲಿ ದಿನ ಬೆಳಗಾದರೆ ಫೋನಿಗೆ ಸಂದೇಶಗಳು, ಗುಣವಾದವರ ಕಥೆಗಳು, ಜೊತೆಗೆ ಒಂದು ಡಬ್ಬಿಗೆ ಎರಡು ಸಾವಿರ ರೂಪಾಯಿಯ ಪುಡಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟರೂ ನಡೆಯುತ್ತದೆಂದು ಅಲ್ಲಿ ಯಾರೋ ಹೇಳಿದರು, ಇವರು ಬಿಟ್ಟರು. ಎರಡೇ ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರ ಹೆಂಡತಿ ಆ ಗುಂಪಿಗೆ, ನಮ್ಮವರಿಗೆ ಹೀಗಾಗಿದೆ, ಉಳಿದವರು ಎಚ್ಚರಿಕೆಯಿಂದಿರಿ ಎಂದು ಬರೆದರೆ, ಅರ್ಧ ಗಂಟೆಯೊಳಗೆ ಆ ಬರಹವನ್ನು ಅಳಿಸಿಹಾಕಿ ಅವರನ್ನೂ ಹೊರಗೆ ಹಾಕಿದರು. ನನಗೆ ಪುಡಿಗಿಂತ ಹೆಚ್ಚು ಸಿಟ್ಟು ಬಂದದ್ದು ಆ ಅಳಿಸುವಿಕೆಯ ಮೇಲೆ. ಕೆಡುಕಾದ ಸುದ್ದಿಯನ್ನು ಅಳಿಸುವ ಕಡೆ ಉಳಿಯುವುದು ಗುಣವಾದ ಸುದ್ದಿ ಮಾತ್ರ. ಹೊಸದಾಗಿ ಬಂದವನಿಗೆ ಎಲ್ಲರೂ ಗುಣವಾಗುತ್ತಿದ್ದಾರೆಂದೇ ಕಾಣುತ್ತದೆ.

ಜೊತೆಗಿರುವುದೇ ಆಯುಷ್ಯಕ್ಕೆ ಒದಗುತ್ತದೆಯೇ ಎಂಬುದನ್ನೂ ಲೆಕ್ಕ ಹಾಕಿದ್ದಾರೆ. 2010ರಲ್ಲಿ ಜೂಲಿಯಾನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳಲ್ಲಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಕೂಡಿಸಿ ನೋಡಿದಾಗ, ಗಟ್ಟಿ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚಿತ್ತು. ಆರೋಗ್ಯವಂತರಿಗೆ ಗೆಳೆತನ ಸುಲಭ ಎಂಬ ಕಾರಣವೂ ಇದರಲ್ಲಿ ಸೇರಿರಬಹುದು ಎಂದು ಮೇಷ್ಟ್ರು ತಕ್ಷಣ ಹೇಳುತ್ತಾರೆ, ಅದು ಸರಿಯಾದ ಆಕ್ಷೇಪವೂ ಹೌದು. ಆದರೂ ಏರಿಯ ಮೇಲೆ ಒಂದು ದಿನ ಕಾಣದಿದ್ದರೆ ಏಳು ಗಂಟೆಗೆ ‘ಏನ್ ರಾಯರೇ, ಮೈ ಹುಷಾರಿಲ್ವೇ?’ ಎಂದು ಕೇಳುವ ದನಿಯೊಂದು ಇರುವುದನ್ನು ನಾನು ಯಾವ ಮಾತ್ರೆಗೂ ಬದಲಾಯಿಸಿಕೊಳ್ಳಲಾರೆ.

ನಮ್ಮ ನಾಡಿನಲ್ಲೂ ತಮ್ಮ ದೇಹವನ್ನು ಅರಿವಿಗೆ ಒಪ್ಪಿಸಿದವರಿದ್ದಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ತಾಲ್ಲೂಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೇಲ್ಪಟ್ಟ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು, ವಯಸ್ಸಾದಂತೆ ನೆನಪು ಹೇಗೆ ಉಳಿಯುತ್ತದೆ, ಹೇಗೆ ಮಾಸುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆಯುವ ಅಧ್ಯಯನವನ್ನು ನಡೆಸುತ್ತಿದೆ. ತೋಟದ ಕೆಲಸ ಬಿಟ್ಟು ಬಂದು ರಕ್ತ ಕೊಡುವ, ನೆನಪಿನ ಪರೀಕ್ಷೆಗೆ ಉತ್ತರಿಸುವ, ಮತ್ತೆ ಕರೆದಾಗ ಮತ್ತೆ ಬರುವ ಆ ಹಳ್ಳಿಗರಿಗೆ ಯಾರೂ ನೂರು ವರ್ಷದ ಆಸೆ ತೋರಿಸಿಲ್ಲ. ಸೇಂಟ್ ಲೂಯಿಸಿನ ಆ 18 ಮಂದಿಯ ಸಾಲಿನಲ್ಲೇ ನಾನು ಇವರನ್ನೂ ನಿಲ್ಲಿಸುತ್ತೇನೆ.

ನಮ್ಮ ಗೆಳೆಯರು ಈಗ ಚೇತರಿಸಿಕೊಂಡಿದ್ದಾರೆ, ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುತ್ತಾರೆ. ಕಳೆದ ಯುಗಾದಿಯ ಮರುದಿನ ಏರಿಯ ಮೇಲೆ ಮತ್ತೆ ಕಾಣಿಸಿಕೊಂಡರು. ಮೇಷ್ಟ್ರು ಏನೂ ಕೇಳದೆ ಪುಸ್ತಕವನ್ನು ಕೈಗೆ ಕೊಟ್ಟರು. ಅವರು ಕಲ್ಲಿನ ಬೆಂಚಿನ ಮೇಲೆ ಕೂತು ತೂಕ, ಬಿ.ಪಿ. ಬರೆದು, ಕಡೆಯ ಅಂಕಣದಲ್ಲಿ ಪುಡಿಯ ಹೆಸರು, ತಿಂದ ದಿನಗಳ ಲೆಕ್ಕ, ಆಸ್ಪತ್ರೆಗೆ ಸೇರಿದ ತಾರೀಖು, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಹಾಕಿದರು.